ಸೆಕ್ಯುರಿಟಿ ಏಜೆನ್ಸಿ ಹಿಡಿಯೋ ಮುಂಚೆ ಅದರ ಜಾತಕ ನೋಡೋದು ಹೇಗೆ

ಹೋದ್ ವರ್ಷ ನಮ್ಮ ಅಪಾರ್ಟ್‌ಮೆಂಟ್ ಕಮಿಟಿ ಮುಂದೆ ಒಂದು ಏಜೆನ್ಸಿಯವ್ರು ಮಿರಮಿರ ಮಿಂಚೋ ಬ್ರೋಷರ್ ಇಟ್ಟು "25 ವರ್ಷದ ಅನುಭವ ಸಾರ್" ಅಂದ್ರು, ನಾವೂ ತಲೆ ಆಡ್ಸಿ ಸೈನ್ ಹಾಕಿದ್ವಿ, ಮೂರನೇ ತಿಂಗಳಿಗೆ ನೈಟ್ ಶಿಫ್ಟಿಗೆ ಗೇಟಲ್ಲಿ ಜನಾನೇ ಇಲ್ಲ, ವಿಚಾರಿಸಿದ್ರೆ ಹುಡುಗರಿಗೆ ಎರಡು ತಿಂಗಳಿಂದ ಸಂಬಳ ಆಗಿಲ್ವಂತೆ. ಆಮೇಲೆ ಕೆದಕಿ ನೋಡಿದ್ರೆ ಕಂಪನಿ ಹುಟ್ಟಿ ನಾಲ್ಕು ವರ್ಷಾನೂ ಆಗಿರ್ಲಿಲ್ಲ! ಆ ಕೆದಕೋ ಕೆಲ್ಸಾನ ಮೊದಲೇ ಮಾಡೋದು ಹೇಗೆ ಅಂತ ಬರೀತಿದೀನಿ, ಕೊನೇದೊಂದು ಬಿಟ್ರೆ ಮಿಕ್ಕಿದ್ದೆಲ್ಲಾ ಮನೇಲೇ ಕೂತು ಒಂದು ಗಂಟೇಲಿ ಆಗೋಗತ್ತೆ.

ಮೊದಲು ಕೋಟೇಶನ್ ಲೆಟರ್‌ಹೆಡ್ಡಲ್ಲಿ ಸಿಐಎನ್ ನಂಬರ್, ಅಂದ್ರೆ ಕಂಪನಿಯ ಸರ್ಕಾರಿ ಗುರುತಿನ ಸಂಖ್ಯೆ, ಹುಡುಕಿ. ಪ್ರೈವೇಟ್ ಲಿಮಿಟೆಡ್ ಆಗಿದ್ರೆ ಇರಲೇಬೇಕು. ಒಟ್ಟು 21 ಅಕ್ಷರ. ಮೊದಲನೇದು ಎಲ್ ಅಂದ್ರೆ ಷೇರು ಪೇಟೇಲಿ ಲಿಸ್ಟ್ ಆಗಿದೆ, ಯು ಅಂದ್ರೆ ಇಲ್ಲ. ಆಮೇಲೆ ಐದು ಅಂಕಿ ಯಾವ ವ್ಯಾಪಾರ ಅಂತ, ಆಮೇಲೆ ರಾಜ್ಯ, ನಮ್ಮದಾದ್ರೆ ಕೆಎ, ಅದರ ಪಕ್ಕದ ನಾಲ್ಕು ಅಂಕಿಯೇ ಕಂಪನಿ ನೋಂದಣಿಯಾದ ವರ್ಷ. ಬ್ರೋಷರ್ ಏನೇ ಹೇಳ್ಲಿ, ಅದನ್ನ ನೋಡಿ.

ಆದ್ರೆ ವರ್ಷ ತಾಳೆ ಆಗ್ಲಿಲ್ಲ ಅಂತ ತಕ್ಷಣ ಸುಳ್ಳು ಅನ್ಬೇಡಿ. ಎಸ್‌ಐಎಸ್ ಅನ್ನೋ ದೊಡ್ಡ ಸೆಕ್ಯುರಿಟಿ ಕಂಪನಿ ಗೊತ್ತಲ್ಲ, ಅದನ್ನ ಪಟ್ನಾದಲ್ಲಿ ಆರ್.ಕೆ. ಸಿನ್ಹಾ ಅನ್ನೋ ಪತ್ರಕರ್ತರು 1974ರಲ್ಲಿ ಶುರು ಮಾಡಿದ್ದು, ಮಾಜಿ ಸೈನಿಕರಿಗೆ ಕೆಲಸ ಕೊಡೋಣ ಅಂತ, ಆದ್ರೆ ಸಿಐಎನ್‌ನಲ್ಲಿ 1985 ಅಂತಿದೆ, ಯಾಕಂದ್ರೆ ಕಂಪನಿಯಾಗಿ ನೋಂದಣಿ ಆಗಿದ್ದು ಆಗ. 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಚಬ್ ಕಂಪನಿಯ ಗಾರ್ಡಿಂಗ್ ವ್ಯವಹಾರ ಕೊಂಡ್ಕೊಂಡ್ರು, 2017ರಲ್ಲಿ ಷೇರು ಪೇಟೆಗೆ ಬಂದ್ರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತೋರ್ಸೋಕಾದ್ರೆ ಅದು ಇತಿಹಾಸ. ನಿಮ್ಮ ಏಜೆನ್ಸಿಯವ್ರೂ "ಮೊದ್ಲು ನಮ್ಮಪ್ಪನ ಹೆಸ್ರಲ್ಲಿತ್ತು" ಅಂದ್ರೆ ಹಳೇ ಲೈಸೆನ್ಸು, ಹಳೇ ಪಿಎಫ್ ಕೋಡು ತೋರ್ಸಿ ಅನ್ನಿ, ಇದ್ದೋರು ತರ್ತಾರೆ, ಇಲ್ದೋರು ನಾಳೆ ಅಂತಾರೆ.

ಮುಂದಿನದು ಪಸಾರಾ ಲೈಸೆನ್ಸ್, ಅಂದ್ರೆ ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ ಮೇಲೆ ನಿಯಂತ್ರಣಕ್ಕಿರೋ ಕಾಯ್ದೆ ಪ್ರಕಾರ ಕೊಡೋ ಲೈಸೆನ್ಸ್. 2005ರ ಕಾಯ್ದೆ, 2006ರ ಮಾರ್ಚಿಂದ ಜಾರಿ. ಇದಿಲ್ದೆ ಏಜೆನ್ಸಿ ನಡೆಸೋ ಹಾಗೇ ಇಲ್ಲ, ನಡೆಸಿದ್ರೆ 1 ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿವರೆಗೆ ದಂಡ, ಎರಡೂ ಆಗ್ಬಹುದು. ಎಲ್ಲರೂ ಲೈಸೆನ್ಸ್ ಇದೆ ಅಂತ ತೋರಿಸ್ತಾರೆ, ನೀವು ನೋಡ್ಬೇಕಾಗಿರೋದು ಎರಡು ವಿಷಯ. ಒಂದು ತಾರೀಕು, 5 ವರ್ಷಕ್ಕೊಂದು ಸಲ ರಿನ್ಯೂ ಆಗ್ಬೇಕು. ಇನ್ನೊಂದು ಜಿಲ್ಲೆ, ಇದನ್ನ ಯಾರೂ ನೋಡಲ್ಲ. ಒಂದು ಜಿಲ್ಲೆಗೆ ಫೀಸು 5,000, ಐದು ಜಿಲ್ಲೆವರೆಗೆ 10,000, ಇಡೀ ರಾಜ್ಯಕ್ಕೆ 25,000, ಹಾಗಾಗಿ ದುಡ್ಡು ಉಳ್ಸೋಕೆ ಒಂದೇ ಜಿಲ್ಲೆಗೆ ತಗೊಂಡು ಪಕ್ಕದ ಜಿಲ್ಲೇಲೂ ಗಾರ್ಡ್ ನಿಲ್ಸೋರು ಇರ್ಬಹುದು. ನಿಮ್ಮ ಜಿಲ್ಲೆ ಹೆಸರು ಅದ್ರಲ್ಲಿದ್ಯಾ ನೋಡಿ.

ನನಗಂತೂ ಎಲ್ಲಕ್ಕಿಂತ ಇಷ್ಟ ಆಗಿದ್ದು ಪಿಎಫ್ ವೆಬ್‌ಸೈಟು. ಇಪಿಎಫ್‌ಓದಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಅಂತಿದೆ, ಹೆಸರು ಹಾಕಿದ್ರೆ ಯಾವ ತಿಂಗಳು ಎಷ್ಟು ದುಡ್ಡು ಕಟ್ಟಿದ್ದಾರೆ, ಎಷ್ಟು ಜನಕ್ಕೆ ಕಟ್ಟಿದ್ದಾರೆ ಎಲ್ಲಾ ಕಾಣತ್ತೆ, ಲಾಗಿನ್ನೂ ಬೇಡ. ನಮ್ಮ ಮಹಾನುಭಾವರು ಬ್ರೋಷರಲ್ಲಿ 800 ಗಾರ್ಡು ಅಂದಿದ್ರು, ಪಿಎಫ್ ಕಟ್ಟಿದ್ದು 46 ಜನಕ್ಕೆ, ಅದೂ ಮಧ್ಯೆ ಮಧ್ಯೆ ತಿಂಗಳು ಹಾರ್ಸಿ! ಜಿಎಸ್‌ಟಿ ಪೋರ್ಟಲ್ಲಲ್ಲೂ ನೋಂದಣಿ ತಾರೀಕು, ರಿಟರ್ನ್ ಹಾಕಿದ್ದಾರಾ ಅಂತ ಸಿಗತ್ತೆ, ಎರಡು ನಿಮಿಷದ ಕೆಲ್ಸ.

ಕೊನೇಗೆ, ಅವ್ರು ಈಗಾಗ್ಲೇ ಕೆಲಸ ಮಾಡ್ತಿರೋ ಜಾಗದ ವಿಳಾಸ ತಗೊಂಡು ರಾತ್ರಿ ಹತ್ತರ ಮೇಲೆ ಹೋಗಿ, ಹೇಳ್ದೆ ಹೋಗಿ. ಗಾರ್ಡ್ ಜೊತೆ ಟೀ ಕುಡೀರಿ. ಬೆಂಗಳೂರಲ್ಲಿ ಗೇಟಲ್ಲಿ ನಿಲ್ಲೋರಲ್ಲಿ ಅಸ್ಸಾಂ, ಒಡಿಶಾ ಕಡೆಯವರು ತುಂಬಾ ಜನ, ಹರಕುಮುರುಕು ಹಿಂದಿ ಸಾಕು. ಟ್ರೈನಿಂಗ್ ಎಷ್ಟು ದಿನ ಆಯ್ತು ಅಂತ ಕೇಳಿ, ಕೇಂದ್ರದ 2006ರ ಮಾದರಿ ನಿಯಮದಲ್ಲೇ 100 ಗಂಟೆ ಕ್ಲಾಸು, 60 ಗಂಟೆ ಫೀಲ್ಡು ಅಂತಿತ್ತು, ಆದ್ರೆ ಹೆಚ್ಚಿನವ್ರು "ಯೂನಿಫಾರ್ಮ್ ಕೊಟ್ಟು ನಿಲ್ಸಿದ್ರು" ಅಂತಾರೆ. ಸಂಬಳ ಯಾವ ತಾರೀಕಿಗೆ ಬರತ್ತೆ ಅಂತಾನೂ ಕೇಳಿ. ತಾರೀಕು ಹೇಳಿದ್ರೆ ಸರಿ, ನಕ್ಕುಬಿಟ್ರೆ ಮನೆಗೆ ಬಂದು ಬೇರೆ ಕೋಟೇಶನ್ ತರ್ಸಿ.

ನಾವು ಈ ಸಲ ಅಗ್ರಿಮೆಂಟಲ್ಲೇ ಬರೆಸಿದ್ವಿ, ಬಿಲ್ ಜೊತೆ ಹಿಂದಿನ ತಿಂಗಳ ಪಿಎಫ್ ಚಲನ್ನು, ಸಂಬಳ ಹಾಕಿದ ಬ್ಯಾಂಕ್ ಲಿಸ್ಟು ಇಟ್ರೆ ಮಾತ್ರ ಚೆಕ್ಕು ಅಂತ. ನಾಲ್ಕು ಏಜೆನ್ಸಿಲಿ ಇಬ್ರು ಅದನ್ನ ಓದಿ ವಾಪಸ್ ಫೋನೇ ಮಾಡ್ಲಿಲ್ಲ.