ನೀವು ತೆಗೆಯದ ಟಿಕೆಟ್ಟಿಗೆ ನಿಮ್ಮ ಕಾರ್ಡಿನಿಂದ ದುಡ್ಡು ಹೋದರೆ

ಮುಂಬಯಿಯ ಮಾಟುಂಗದ ಮನೆಯಲ್ಲಿ ಕೂತಿರುವಾಗ, ಎಲ್ಲಿಂದೆಲ್ಲಿಗೋ ಹೋಗುವ ವಿಮಾನದ ಟಿಕೆಟ್ಟಿಗೆ ನಿಮ್ಮ ಕ್ರೆಡಿಟ್ ಕಾರ್ಡಿನಿಂದ ದುಡ್ಡು ಹೋಯಿತೆಂದು ಮೆಸೇಜ್ ಬಂದರೆ, ಮೊದಲು ಬ್ಯಾಂಕಿನ ಆಪ್‌ನಲ್ಲೇ ಕಾರ್ಡ್ ಬ್ಲಾಕ್ ಮಾಡಿ. ಆಮೇಲೆ ಕಾರ್ಡಿನ ಹಿಂಬದಿಯ ನಂಬರಿಗೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲು ಹೋಗಬೇಡಿ. ಮೋಸಗಾರರು ಅಲ್ಲೂ ತಮ್ಮ ನಂಬರ್ ಹಾಕಿಟ್ಟಿರುತ್ತಾರೆ.

ಬ್ಲಾಕ್ ಮಾಡಿ ಸುಮ್ಮನಾಗಬೇಡಿ. ಕಳ್ಳರು ಸಾಮಾನ್ಯವಾಗಿ ಅಂದೋ ಮರುದಿನವೋ ಹೊರಡುವ ವಿಮಾನಕ್ಕೇ ಟಿಕೆಟ್ ತೆಗೆಯುತ್ತಾರೆ. ಕಾರ್ಡಿನವರಿಗೆ ಗೊತ್ತಾಗುವಷ್ಟರಲ್ಲಿ ಪ್ರಯಾಣ ಮುಗಿದಿರಬೇಕು ಎಂಬ ಲೆಕ್ಕ. ಆದ್ದರಿಂದ ಮೆಸೇಜಿನಲ್ಲಿ ಹೆಸರಿರುವ ವಿಮಾನ ಕಂಪನಿಗೋ ಬುಕಿಂಗ್ ಸೈಟಿಗೋ ಕೂಡಲೇ ತಿಳಿಸಿ: ಮೊತ್ತ, ಸಮಯ, ಕಾರ್ಡಿನ ಕೊನೆಯ 4 ಅಂಕಿ ಸಾಕು. ಪೂರ್ತಿ ನಂಬರ್, ಸಿವಿವಿ (ಕಾರ್ಡಿನ ಮೇಲಿನ ಗುಟ್ಟಿನ ಅಂಕಿ) ಯಾರು ಕೇಳಿದರೂ ಕೊಡಬೇಡಿ. ಜೊತೆಗೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ.

ಬ್ಯಾಂಕಿಗೆ ಇಮೇಲ್ ಕೂಡ ಹಾಕಿ, ದಿನಾಂಕಕ್ಕೆ ಅದೇ ಸಾಕ್ಷಿ. ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಿದ್ದರೆ, ಮೆಸೇಜ್ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವೇ ಇಲ್ಲ. 4ರಿಂದ 7 ಕೆಲಸದ ದಿನವಾದರೆ, 5 ಲಕ್ಷದವರೆಗಿನ ಲಿಮಿಟ್ಟಿನ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ಪಾಲು. ಓಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದೇ. ಹಾಗಾಗಿ ಓಟಿಪಿ ಮೆಸೇಜನ್ನು ಕೊನೆಯವರೆಗೂ ಓದಿ, ಯಾರಿಗೆ ಎಷ್ಟು ಹೋಗುತ್ತಿದೆ ಎಂಬುದು ಅದರಲ್ಲೇ ಇರುತ್ತದೆ. ‘ರಿಫಂಡ್ ಕೊಡ್ತೀವಿ, ಓಟಿಪಿ ಹೇಳಿ’ ಎಂದವನು ಮೋಸಗಾರ. ದುಡ್ಡು ವಾಪಸ್ ಬರಲು ಓಟಿಪಿ ಬೇಕಾಗುವುದೇ ಇಲ್ಲ.

ವಿದೇಶಿ ಸೈಟುಗಳಲ್ಲಿ ಎಷ್ಟೋ ಸಲ ಓಟಿಪಿ ಕೇಳದೆಯೇ ದುಡ್ಡು ಹೋಗುತ್ತದೆ. ಆಪ್‌ನಲ್ಲಿ ಇಂಟರ್‌ನ್ಯಾಷನಲ್ ವ್ಯವಹಾರ ಆಫ್ ಮಾಡಿಡಿ, ಬೇಕಾದ ದಿನ ಮಾತ್ರ ಆನ್ ಮಾಡಿ.

ಚೌತಿಗೆ ಮಂಗಳೂರಿಗೆ ಹೊರಡುವವರಿಗೆ ವಾಟ್ಸಾಪ್‌ನಲ್ಲಿ ಅರ್ಧ ಬೆಲೆಯ ವಿಮಾನ ಟಿಕೆಟ್ ಸಿಕ್ಕಿದರೆ ದಯವಿಟ್ಟು ಕೊಳ್ಳಬೇಡಿ. ಪಿಎನ್ಆರ್ (ಬುಕಿಂಗ್ ನಂಬರ್) ಹಾಕಿ ನೋಡಿದರೆ ಕನ್‌ಫರ್ಮ್ ಎಂದೇ ತೋರಿಸಬಹುದು, ಯಾಕೆಂದರೆ ಟಿಕೆಟ್ ನಿಜವಾದದ್ದೇ, ಬೇರೆಯವರ ಕದ್ದ ಕಾರ್ಡಿನಲ್ಲಿ ತೆಗೆದದ್ದು. ಕಾರ್ಡಿನವರು ದೂರು ಕೊಟ್ಟೊಡನೆ ಅದು ರದ್ದಾಗಬಹುದು. ಚೆಕ್-ಇನ್ ಕೌಂಟರಿನಲ್ಲಿ ಉತ್ತರ ಹೇಳಬೇಕಾದವರು ನೀವು. ಏಜೆಂಟರಿಗೆ ಯುಪಿಐನಲ್ಲಿ ಕೊಟ್ಟ ದುಡ್ಡಿಗೆ ಕಾರ್ಡಿನ ಚಾರ್ಜ್‌ಬ್ಯಾಕ್ (ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಪಡೆಯುವ ದಾರಿ) ಕೂಡ ಇಲ್ಲ.

ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ದೂರನ್ನು ತಳ್ಳಿಹಾಕಿದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಬರೆಯಿರಿ. ಶುಲ್ಕವಿಲ್ಲ, ಇಮೇಲ್ ಮತ್ತು ದೂರಿನ ನಂಬರ್ ಲಗತ್ತಿಸಿ.