ಚೊರಾವ್‌ನ ಹಕ್ಕಿಗಳು: ಮೊದಲು ನೀರಿನ ವೇಳೆ ನೋಡಿ

ಹಕ್ಕಿ ನೋಡಬೇಕಾದರೆ ನಸುಕಿನಲ್ಲೇ ಹೊರಡಬೇಕು ಅನ್ನೋದು ನಮ್ಮ ಘಟಪ್ರಭಾ ಪಕ್ಷಿಧಾಮಕ್ಕೆ ಸರಿ. ಧೂಪದಾಳದ ಹಿನ್ನೀರು ಬೆಳಗ್ಗೆ ಎಷ್ಟಿತ್ತೋ ಸಂಜೆಗೂ ಹೆಚ್ಚುಕಡಿಮೆ ಅಷ್ಟೇ. ಗೋವಾದ ಚೊರಾವ್ ದ್ವೀಪದಲ್ಲಿರುವ ಸಲೀಂ ಅಲಿ ಪಕ್ಷಿಧಾಮದ ಲೆಕ್ಕವೇ ಬೇರೆ. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನಾನು ಮೊದಲು ನೋಡುವುದು ಅದರ ವೇಳೆ. ರಜೆ, ಗಾಡಿ, ಬುತ್ತಿ ಎಲ್ಲ ಆಮೇಲೆ.

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಹೋಗುತ್ತೇವೆ. ಚೊರಾವ್ ಇರುವುದು ಮಾಂಡೋವಿ ನದಿಯಲ್ಲಿ. ಮಾಂಡೋವಿ ಅಂದರೆ ನಮ್ಮ ಖಾನಾಪುರ ತಾಲ್ಲೂಕಿನ ಕಾಡಲ್ಲಿ ಹುಟ್ಟುವ ಮಹದಾಯಿಯೇ. ನ್ಯಾಯಮಂಡಳಿ, ಹೋರಾಟ ಅಂತ ಈ ಹೆಸರು ನಮಗೆಲ್ಲ ಗೊತ್ತು. ಅದು ಕಡಲ ಹತ್ತಿರ ಹೇಗಿರುತ್ತದೆ ಅಂತ ನೋಡಿದವರು ಕಡಿಮೆ. ರಿಬಂದರ್‌ನಲ್ಲಿ ಫೆರಿ ಹತ್ತಿ ಆಚೆ ದಡದಲ್ಲಿ ಇಳಿದರೆ ಪಕ್ಷಿಧಾಮ ಹತ್ತಿರವೇ. 1988ರಲ್ಲಿ ಘೋಷಣೆಯಾದದ್ದು, 1.78 ಚದರ ಕಿಲೋಮೀಟರ್ ಅಷ್ಟೇ. ಬಹುತೇಕ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್.

ಈಗ ನೀರಿನ ವಿಷಯ. ಉಬ್ಬರ ತುಂಬಿದಾಗ ದೋಣಿ ಸಣ್ಣ ಕಾಲುವೆಗಳ ಒಳಗೂ ಹೋಗುತ್ತದೆ. ಆದರೆ ಕೆಸರೆಲ್ಲ ನೀರಿನಡಿ ಇರುತ್ತದೆ, ಅದರಲ್ಲಿ ಹುಳ ಹೆಕ್ಕುವ ಗೊರವ ಹಕ್ಕಿಗಳು ಎಲ್ಲೋ ಒಣಗಿದ ಕಡೆ ಕೂತಿರುತ್ತವೆ. ಪೂರ್ತಿ ಇಳಿದಾಗ ಕೆಸರು ತೆರೆದುಕೊಳ್ಳುತ್ತದೆ, ಹಕ್ಕಿಗಳೂ ಬರುತ್ತವೆ. ಆಗ ದೋಣಿಯೇ ಒಳಗೆ ಹೋಗುವುದಿಲ್ಲ! ಅದಕ್ಕೆ ಉಬ್ಬರ ತುಂಬಿ ಇಳಿಯಲು ಶುರುವಾದ ಹೊತ್ತಿಗೆ ನಾನು ದೋಣಿ ಹತ್ತುತ್ತೇನೆ. ಹೋಗುವಾಗ ಕೊಂಬೆಯ ಮೇಲಿನ ಮಿಂಚುಳ್ಳಿ, ಗರುಡ ಸಿಗುತ್ತವೆ. ಬರುವಾಗ ಕೆಸರಿನ ಅಂಚು ಕಾಣತೊಡಗಿರುತ್ತದೆ.

ಉಬ್ಬರ ಇಳಿತದ ವೇಳೆ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋದ ವಾರದ ಗಡಿಯಾರ ಈ ವಾರ ನಡೆಯದು. ಮೊಬೈಲಿನಲ್ಲಿ ಸಿಗುತ್ತದೆ, ಜೊತೆಗೆ ಗೋಡೆಯ ಪಂಚಾಂಗವನ್ನೂ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹತ್ತಿರ ಏರಿಳಿತ ಕಡಿಮೆ. ನನಗೆ ಹುಣ್ಣಿಮೆ ಕಳೆದ ದಿನಗಳೇ ಇಷ್ಟ, ಕೆಸರು ಅಗಲವಾಗಿ ಸಿಗುತ್ತದೆ. ತಿಂಗಳು ಅಂದರೆ ನವೆಂಬರ್‌ನಿಂದ ಫೆಬ್ರವರಿ, ಆಗ ವಲಸೆ ಹಕ್ಕಿಗಳು ಇರುತ್ತವೆ.

ದೋಣಿಯವರಿಗೆ ಕೊಂಕಣಿ, ಮರಾಠಿ ಬರುತ್ತದೆ. ನಮ್ಮ ಬೆಳಗಾವಿ ಮರಾಠಿ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಕಾಲುವೆ ಒಳಗೆ ಇಂಜಿನ್ ನಿಲ್ಲಿಸಿ ಅಂತ ಹತ್ತುವ ಮುಂಚೆಯೇ ಹೇಳಿಬಿಡಿ. ನಿಂತ ಮೇಲೆ ಸುಮ್ನೆ ಕೂರಬೇಕು. ನೆಲದಿಂದ ಮೊಳೆಗಳಂತೆ ಮೇಲೆದ್ದಿರುವುದು ಕಾಂಡ್ಲಾದ ಉಸಿರಾಡುವ ಬೇರು. ಕೆಸರಿನಲ್ಲಿ ಗಾಳಿ ಇರುವುದಿಲ್ಲ, ಅದಕ್ಕೇ ಬೇರು ಮೇಲೆ ಬರುತ್ತದೆ. ಅದರ ನಡುವೆ ಒಂದೇ ಕೊಂಡಿ ದೊಡ್ಡದಾಗಿರುವ ಗಂಡು ಏಡಿ ಓಡಾಡುತ್ತದೆ. ನೀರು ಬಿಟ್ಟು ಕೆಸರಿನ ಮೇಲೆ ಜಿಗಿಯುವ ಮೀನೂ ಇದೆ. ನನ್ನ ಅಣ್ಣನ ಮಗ ಹಕ್ಕಿ ಬಿಟ್ಟು ಅದನ್ನೇ ನೋಡುತ್ತಾ ಕೂತಿದ್ದ.

"ಕಾಕಾ, ಆ ಬೆಳ್ಳಕ್ಕಿ ಯಾಕ ಕರ್‍ರಗ ಐತ್ರಿ?" ಅಂತ ಅವನೇ ಕೇಳಿದ್ದು. ಅದು ಕಡಲಂಚಿನ ಬೆಳ್ಳಕ್ಕಿ. ಒಂದೇ ಜಾತಿಯಲ್ಲಿ ಬೂದುಗಪ್ಪೂ ಇವೆ, ಬಿಳಿಯವೂ ಇವೆ. ಕಪ್ಪಾಗಿದ್ದರೆ ಗುರುತಿಸುವುದು ಸುಲಭ. ಬಿಳಿಯದಾದರೆ ಕೊಕ್ಕಿನ ಆಕಾರ ನೋಡಬೇಕು, ನಾನೂ ಎಷ್ಟೋ ಸಲ ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟಿದ್ದೇನೆ.

ಬೈನಾಕ್ಯುಲರ್ 8 ಪಟ್ಟಿನದು ಸಾಕು. ದೋಣಿ ಅಲುಗುವಾಗ 10 ಪಟ್ಟಿನದರಲ್ಲಿ ಹಕ್ಕಿಗಿಂತ ನಡುಕವೇ ಹೆಚ್ಚು ಕಾಣುತ್ತದೆ. ಸೊಳ್ಳೆಗೆ ತುಂಬುತೋಳಿನ ಅಂಗಿ ಹಾಕಿ. ಫೋಟೋ ತೆಗೆಯುವವರನ್ನು ದೋಣಿಯ ಎರಡೂ ಬದಿಗೆ ಹಂಚಿ ಕೂರಿಸಿ. ಇಲ್ಲದಿದ್ದರೆ ಒಂದು ಮಿಂಚುಳ್ಳಿ ಕಂಡ ಕೂಡಲೇ ಎಲ್ಲರೂ ಒಂದೇ ಕಡೆ ವಾಲುತ್ತಾರೆ, ದೋಣಿಯವರು ಕೊಂಕಣಿಯಲ್ಲಿ ಬಯ್ಯುತ್ತಾರೆ.