ಕರೆಂಟ್ ಬಂದ ಕೂಡಲೇ ಉಕ್ಕುತ್ತಿದ್ದ ಪ್ರೋಟೀನ್ ಸ್ಕಿಮ್ಮರ್

ಬೆಳಗಾವಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಗಾಳಿಗುಳ್ಳೆಗಳ ನೊರೆಯಿಂದ ನೀರಿನ ಕೊಳೆಯನ್ನು ಬೇರ್ಪಡಿಸಿ ಕಪ್ಪಿಗೆ ತುಂಬುವ ಸ್ಕಿಮ್ಮರಿನ ಕಪ್ ಉಕ್ಕಿ ಹರಿಯುತ್ತಿತ್ತು. ಕಪ್ಪಿನಲ್ಲಿ ಕಂದು ಕೊಳೆಯಲ್ಲ, ತಿಳಿ ನೀರು. ನೊರೆ ಕಪ್ಪಿಗೆ ಏರುವ ಸ್ಕಿಮ್ಮರಿನ ಕುತ್ತಿಗೆ ತೊಳೆದೆ, ಪಂಪನ್ನು ವಿನೆಗರ್‌ನಲ್ಲಿ ನೆನೆಸಿದೆ, ಗಾಳಿ ಕಡಿಮೆ ಮಾಡಿದೆ, ಯಾವುದಕ್ಕೂ ಬಗ್ಗಲಿಲ್ಲ.

ನೀರನ್ನು ಮೇಲಿನ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪ್ ನಿಂತರೆ ಟ್ಯಾಂಕಿನ ನೀರು ಕೆಳಗಿಳಿದು, ಸ್ಕಿಮ್ಮರ್ ಕೂತಿರುವ ಕೆಳತೊಟ್ಟಿಯಾದ ಸಂಪ್‌ನ ಮಟ್ಟ ಏರುತ್ತದೆ. ಕರೆಂಟ್ ಬಂದೊಡನೆ ಸ್ಕಿಮ್ಮರ್ ಆ ಆಳದಲ್ಲೇ ಶುರುವಾಗಿ ನೊರೆಯ ಬದಲು ನೀರನ್ನೇ ಕಪ್ಪಿಗೆ ತಳ್ಳುತ್ತದೆ.

ಸ್ಕಿಮ್ಮರಿಗೆ ಮಾತ್ರ ಆನ್-ಡಿಲೇ ಟೈಮರ್ (ಕರೆಂಟ್ ಬಂದ ಮೇಲೆ ತಡವಾಗಿ ಶುರು ಮಾಡುವ ಸಾಧನ) ಕೂಡಿಸಿ 10 ನಿಮಿಷಕ್ಕೆ ಇಟ್ಟೆ. ಮೊದಲು ರಿಟರ್ನ್ ಪಂಪ್, ಮಟ್ಟ ಇಳಿದ ಮೇಲೆ ಸ್ಕಿಮ್ಮರ್. ಆಮೇಲೆ ರಿಟರ್ನ್ ಪಂಪ್ ಓಡುವಾಗಲೇ ಸ್ಕಿಮ್ಮರ್ ನಿಂತ ನೀರಿನ ಆಳ ಅಳೆದು, ನನ್ನ ಮಾಡೆಲ್‌ಗೆ ಬೇಕಾದ 20 ಸೆಂ.ಮೀ.ಗೆ ಬರುವಂತೆ ಸ್ಕಿಮ್ಮರಿನ ಅಡಿಗೆ ಅಕ್ರಿಲಿಕ್ ತುಂಡು ಕೊಟ್ಟೆ. ಕೊನೆಗೆ ಔಟ್‌ಲೆಟ್ ವಾಲ್ವ್ ಪೂರ್ತಿ ತೆರೆದು, ದಿನಕ್ಕೆ ತುಸುವೇ ಮುಚ್ಚುತ್ತಾ ಹೋಗಿ, ನೊರೆ ಕುತ್ತಿಗೆಯ ಬುಡದಲ್ಲಿ ನಿಂತಲ್ಲಿಗೆ ಬಿಟ್ಟೆ. ವಾಟರ್ ಕಂಡೀಷನರ್ (ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ) ಹಾಕಿದ ದಿನ ನೊರೆ ವಿಪರೀತ ಏರುವುದರಿಂದ ವಾಲ್ವ್ ಪೂರ್ತಿ ತೆರೆದಿಡಿ.